ಹೆಲ್ಮೆಟ್, ಜಾಕೆಟ್ ಕೊಳ್ಳುವ ಮುಂಚೆ ಒಳಗಿನ ಲೇಬಲ್ ಓದಿ: ಕರಾವಳಿ, ಘಟ್ಟದ ಬೈಕ್ ಸವಾರರಿಗೆ

ಮಳೆಗಾಲ ಮುಗಿದು ಘಟ್ಟದ ರಸ್ತೆ ಒಣಗುತ್ತಿದ್ದಂತೆ ಅದೇ ಪ್ರಶ್ನೆಗಳು ಮತ್ತೆ ಶುರುವಾಗುತ್ತವೆ. ಭಟ್ಕಳದವರು ಕೇಳುತ್ತಾರೆ: "ಅಣ್ಣ ದುಬೈಯಿಂದ ಬರ್ತಿದ್ದಾನೆ, ಹೆಲ್ಮೆಟ್ ತರಿಸ್ಲಾ? ಡಿಒಟಿ ಇದ್ರೆ ಸಾಕಾ?" ಶಿರಸಿಯವರು ಕೇಳುತ್ತಾರೆ: "ಜಾಕೆಟ್ ಮೇಲೆ ಸಿಇ ಅಂತ ಇದೆ, ಒಳ್ಳೇದೇ ಅಲ್ವಾ?" ಕಾರವಾರದಿಂದ ಬರುವುದು ಇನ್ನೊಂದೇ ಮಾತು: "ಈ ಸೆಕೆಯಲ್ಲಿ ಅದನ್ನೆಲ್ಲ ಯಾರು ಹಾಕ್ಕೊಳ್ತಾರೆ ಮಾರಾಯ್ರೆ?"

ಡಿಒಟಿ ಅಮೆರಿಕದ ಹೆಲ್ಮೆಟ್ ಗುರುತು, ಸಿಇ ಯುರೋಪಿನ ಸುರಕ್ಷತಾ ಗುರುತು. ಮೂರಕ್ಕೂ ಉತ್ತರ ಹುಡುಕಲು ಲೇಬಲ್‌ನಿಂದಲೇ ಶುರು ಮಾಡಬೇಕು. ಅಂಗಡಿಯವರು ತೋರಿಸುವ ದೊಡ್ಡ ಸ್ಟಿಕ್ಕರ್ ಬಿಡಿ. ಒಳಗೆ ಹೊಲಿದಿರುವ ಸಣ್ಣ ಲೇಬಲ್ ನೋಡಿ. ಆ ವಸ್ತುವನ್ನು ಯಾರು ಪರೀಕ್ಷಿಸಿದರು, ಎಷ್ಟು ಪೆಟ್ಟಿಗೆ, ಎಷ್ಟು ಉಜ್ಜಾಟಕ್ಕೆ ಅನ್ನುವುದು ಅಲ್ಲೇ ಬರೆದಿರುತ್ತದೆ. ಅದನ್ನು ಓದುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಹಂತ 1: ನೀವು ಓಡಾಡುವ ರಸ್ತೆ ಯಾವುದು, ಮೊದಲು ಬರೆದುಕೊಳ್ಳಿ

ಕುಮಟಾ ಪೇಟೆಯೊಳಗೆ ಸ್ಕೂಟರ್ ಓಡಿಸುವವರಿಗೂ ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತುವವರಿಗೂ ಬೇಕಾದದ್ದು ಒಂದೇ ಅಲ್ಲ. ಹೆದ್ದಾರಿ 66ರಲ್ಲಿ ವೇಗ ಜಾಸ್ತಿ, ಬಿದ್ದರೆ ಉಜ್ಜಿಕೊಂಡು ದೂರ ಹೋಗುತ್ತೇವೆ. ಮೀನಿನ ಲಾರಿಯಿಂದ ಸೋರಿದ ನೀರು ತಿರುವಿನಲ್ಲಿ ಬಿದ್ದಿದ್ದರಂತೂ ಬ್ರೇಕ್ ಮುಟ್ಟುವ ಹಾಗಿಲ್ಲ. ಅರಬೈಲು, ಅಣಶಿ, ಗೇರುಸೊಪ್ಪೆ ಘಟ್ಟಗಳಲ್ಲಿ ವೇಗ ಕಡಿಮೆ. ಆದರೆ ಪಕ್ಕದಲ್ಲೇ ಕಲ್ಲು, ಚರಂಡಿ, ತಡೆಗೋಡೆ. ಅಲ್ಲಿ ಉಜ್ಜುವುದಕ್ಕಿಂತ ಗುದ್ದುವ ಅಪಾಯ ದೊಡ್ಡದು. ಹೆದ್ದಾರಿಯವರು ಜಾಕೆಟ್ ಬಟ್ಟೆಯ ಗಟ್ಟಿತನ ನೋಡಬೇಕು. ಘಟ್ಟದವರು ಅದರೊಳಗೆ ಪೆಟ್ಟು ತಡೆಯಲು ಇಟ್ಟ ಪ್ಯಾಡ್‌ಗಳ ಮಟ್ಟ ನೋಡಬೇಕು. ಎರಡೂ ಕಡೆ ಓಡಾಡುವವರು ಎರಡನ್ನೂ.

ಹಂತ 2: ಹೆಲ್ಮೆಟ್ ಮೇಲಿನ ಗುರುತುಗಳನ್ನು ಬಿಡಿಸಿ ಓದಿ

ಇಲ್ಲಿ ಸ್ವಲ್ಪ ನಿಧಾನಿಸಿ. ಗೊಂದಲ ಜಾಸ್ತಿ ಇರುವುದು ಇಲ್ಲೇ.

*ಐಎಸ್‌ಐ.* ಇದು ನಮ್ಮ ದೇಶದ ಗುರುತು. ಹೆಲ್ಮೆಟ್‌ಗೆ ಸಂಬಂಧಪಟ್ಟ ಮಾನದಂಡದ ಸಂಖ್ಯೆ ಐಎಸ್ 4151. 2021ರ ಜೂನ್ 1ರಿಂದ ಈ ಗುರುತಿಲ್ಲದ ಬೈಕ್ ಹೆಲ್ಮೆಟ್ ತಯಾರಿಸುವ, ಆಮದು ಮಾಡುವ, ಮಾರುವ ಹಾಗಿಲ್ಲ. ನಿಜವಾದ ಗುರುತಿನ ಮೇಲ್ಭಾಗದಲ್ಲಿ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಫೋನ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ (ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯದ್ದು) ಹಾಕಿಕೊಂಡು ಆ ಸಂಖ್ಯೆ ಹಾಕಿ. ಯಾವ ಕಂಪನಿಗೆ, ಯಾವ ವಸ್ತುವಿಗೆ ಪರವಾನಗಿ ಕೊಟ್ಟಿದ್ದಾರೆ ಅಂತ ಬರುತ್ತದೆ. ಹೆದ್ದಾರಿ ಬದಿಯಲ್ಲಿ ಸಾಲಾಗಿ ತೂಗುಹಾಕಿ ಮಾರುವ ಹೆಲ್ಮೆಟ್‌ಗಳಲ್ಲಿ ಸಂಖ್ಯೆಯೇ ಇಲ್ಲದ ಐಎಸ್‌ಐ ಸ್ಟಿಕ್ಕರ್ ಸಾಮಾನ್ಯ. ಅದು ಪೊಲೀಸರಿಗೆ ತೋರಿಸುವ ಟೋಪಿ, ಅಷ್ಟೇ.

*ಇಸಿಇ.* ಯುರೋಪಿನಲ್ಲಿ ಶುರುವಾಗಿ ಈಗ ಬಹಳ ದೇಶಗಳು ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ ನಿಯಮ. ಹಳೆಯದು 22.05, ಹೊಸದು 22.06. ಇದರಲ್ಲಿ ಹೆಲ್ಮೆಟ್ ಮಾರುಕಟ್ಟೆಗೆ ಬರುವ ಮುಂಚೆಯೇ ಹೊರಗಿನ ಪ್ರಯೋಗಾಲಯ ಪರೀಕ್ಷೆ ಮಾಡುತ್ತದೆ. ಗಲ್ಲದ ಪಟ್ಟಿಗೆ ಹೊಲಿದ ಲೇಬಲ್‌ನಲ್ಲಿ ವೃತ್ತದೊಳಗೆ "ಇ" ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 9 ಸ್ಪೇನ್, 11 ಬ್ರಿಟನ್. ಅದರ ಕೆಳಗಿನ ಉದ್ದ ಸಂಖ್ಯೆ 05ರಿಂದ ಶುರುವಾದರೆ ಹಳೆಯ ನಿಯಮ, 06ರಿಂದ ಆದರೆ ಹೊಸದು. ಕೊನೆಯಲ್ಲಿ "ಪಿ" ಇದ್ದರೆ ಗಲ್ಲದ ಭಾಗವೂ ಪರೀಕ್ಷೆಯಾಗಿದೆ. "ಜೆ" ಇದ್ದರೆ ಮುಖ ತೆರೆದ ಹೆಲ್ಮೆಟ್. "ಎನ್‌ಪಿ" ಇದ್ದರೆ ಗಲ್ಲದ ಭಾಗ ಇದೆ, ಆದರೆ ರಕ್ಷಣೆಗೆ ಲೆಕ್ಕಕ್ಕಿಲ್ಲ. ಮುಂಭಾಗ ಎತ್ತುವ ಮಾಡ್ಯುಲರ್ ಹೆಲ್ಮೆಟ್ ಆದರೆ ಪಿ, ಜೆ ಎರಡೂ ಇರಬೇಕು.

05ಕ್ಕೂ 06ಕ್ಕೂ ಏನು ವ್ಯತ್ಯಾಸ? ಹಳೆಯದರಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ, ಅದರ ಕೆಲವು ಗೊತ್ತಾದ ಜಾಗಗಳಿಗೆ ಪೆಟ್ಟು ಬೀಳುವಂತೆ ಗುದ್ದಿಸುತ್ತಿದ್ದರು. ಹೊಸದರಲ್ಲಿ 6, 7.5, 8.2 ಮೀಟರ್ ಹೀಗೆ ಬೇರೆ ಬೇರೆ ವೇಗ, ಜಾಸ್ತಿ ಜಾಗಗಳು. ಜೊತೆಗೆ 45 ಡಿಗ್ರಿ ಓರೆಯಾದ ಒರಟು ಮೇಲ್ಮೈಗೆ ಬೀಳಿಸಿ ತಲೆ ಎಷ್ಟು ತಿರುಗುತ್ತದೆ ಅಂತಲೂ ಅಳೆಯುತ್ತಾರೆ. ನಾವು ಬಿದ್ದಾಗ ತಲೆ ನೇರವಾಗಿ ಬಡಿಯುವುದು ಕಡಿಮೆ, ಓರೆಯಾಗಿ ಬಡಿದು ತಿರುಚುವುದೇ ಹೆಚ್ಚು. ಆ ತಿರುಚುವಿಕೆ ಮೆದುಳಿಗೆ ಕೆಟ್ಟದ್ದು. ಹಾಗಾಗಿ ಇಸಿಇ ಹೆಲ್ಮೆಟ್ ತರಿಸುವುದಾದರೆ 06 ಇರುವುದನ್ನೇ ತರಿಸಿ. 05ರ ಹಳೆ ದಾಸ್ತಾನು ಅಗ್ಗಕ್ಕೆ ಸಿಗುತ್ತದೆ. ಅದು ಸುಮ್ನೆ ಆಸೆ ಹುಟ್ಟಿಸುತ್ತದೆ.

ಸೆಕೆಂಡಿಗೆ 7.5 ಮೀಟರ್ ಅಂದರೆ ಗಂಟೆಗೆ ಬರೀ 27 ಕಿ.ಮೀ. "ಇಷ್ಟೇನಾ?" ಅನ್ನಿಸುತ್ತದೆ ಅಲ್ವಾ? ಇದು ಬೈಕಿನ ವೇಗದ ಲೆಕ್ಕವಲ್ಲ. ತಲೆ ನೆಲಕ್ಕೆ ಬಡಿಯುವ ವೇಗದ ಲೆಕ್ಕ. ಸುಮಾರು 3 ಮೀಟರ್ ಎತ್ತರದಿಂದ ಕೆಳಗೆ ಬಿದ್ದರೆ ಆಗುವಷ್ಟು ಪೆಟ್ಟು ಅದು. ಬೈಕ್ 60ರಲ್ಲಿ ಹೋಗುತ್ತಿದ್ದರೂ ತಲೆ ಬೀಳುವುದು ಸೀಟಿನಲ್ಲಿ ಕೂತಾಗಿನ ಎತ್ತರದಿಂದಲೇ. ಎದುರಿನ ಲಾರಿಗೋ ಮರಕ್ಕೋ ನೇರ ಗುದ್ದಿದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು.

*ಡಿಒಟಿ.* ಅಮೆರಿಕದ ಗುರುತು. ನಿಯಮದ ಸಂಖ್ಯೆ 218. ಇಲ್ಲಿ ತಯಾರಕರೇ ಪರೀಕ್ಷಿಸಿಕೊಂಡು "ಪಾಸಾಗಿದೆ" ಅಂತ ಸ್ಟಿಕ್ಕರ್ ಹಚ್ಚಿಕೊಳ್ಳುತ್ತಾರೆ. ಸರ್ಕಾರ ಆಮೇಲೆ ಅಂಗಡಿಯಿಂದ ಕೆಲವನ್ನು ತಂದು ಪರೀಕ್ಷೆ ಮಾಡುತ್ತದೆ. ತಲೆಗೆ ತಟ್ಟುವ ಪೆಟ್ಟಿನ ಮಿತಿ ಇಲ್ಲಿ 400 ಜಿ, ಇಸಿಇಯಲ್ಲಿ 275 ಜಿ. (ಜಿ ಅಂದರೆ ಭೂಮಿಯ ಎಳೆತದ ಎಷ್ಟು ಪಟ್ಟು ಅನ್ನುವ ಅಳತೆ.) ಆದರೆ ಪರೀಕ್ಷೆಯ ವಿಧಾನವೇ ಬೇರೆಯಾದ್ದರಿಂದ ಅಂಕಿ ಮಾತ್ರ ಹೋಲಿಸಿ ತೀರ್ಮಾನಕ್ಕೆ ಬರಬೇಡಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ: ಡಿಒಟಿ ನಿಯಮದಲ್ಲಿ ಗಲ್ಲದ ಭಾಗಕ್ಕೆ ಪರೀಕ್ಷೆಯೇ ಇಲ್ಲ. ಅಮೆರಿಕದ ಒಳ್ಳೆಯ ಕಂಪನಿಯ ಡಿಒಟಿ ಹೆಲ್ಮೆಟ್ ಒಳ್ಳೆಯದೇ ಇರುತ್ತದೆ. ಆದರೆ ಡಿಒಟಿ ಸ್ಟಿಕ್ಕರ್ ಹಚ್ಚಿದ ಯಾವುದೋ ಹೆಸರಿಲ್ಲದ ಹೆಲ್ಮೆಟ್‌ಗೆ ಆ ಅಕ್ಷರಗಳಿಂದ ಏನೂ ಬೆಲೆ ಬರುವುದಿಲ್ಲ.

*ಸ್ನೆಲ್.* 1956ರಲ್ಲಿ ಕಾರ್ ರೇಸ್‌ನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ ಪೀಟ್ ಸ್ನೆಲ್ ಹೆಸರಿನಲ್ಲಿ ಮರುವರ್ಷ ಹುಟ್ಟಿದ ಖಾಸಗಿ ಸಂಸ್ಥೆಯದ್ದು. ಕಡ್ಡಾಯವಲ್ಲ, ಕಂಪನಿಗಳು ಇಷ್ಟವಿದ್ದರೆ ಮಾಡಿಸಿಕೊಳ್ಳುತ್ತವೆ. ಪರೀಕ್ಷೆ ಕಠಿಣ, ಹೆಲ್ಮೆಟ್ ದುಬಾರಿ. ನಮ್ಮ ರಸ್ತೆಗೆ ಇದನ್ನೇ ಹುಡುಕಿಕೊಂಡು ಹೋಗಬೇಕಿಲ್ಲ.

*ಶಾರ್ಪ್.* ಇದು ಪ್ರಮಾಣಪತ್ರ ಅಲ್ಲ. ಬ್ರಿಟನ್ ಸರ್ಕಾರ 2007ರಲ್ಲಿ ಶುರು ಮಾಡಿದ, ಹೆಲ್ಮೆಟ್‌ಗಳಿಗೆ 1ರಿಂದ 5 ನಕ್ಷತ್ರ ಕೊಡುವ ವ್ಯವಸ್ಥೆ. ಒಂದೇ ಇಸಿಇ ಪಾಸಾದ ಎರಡು ಹೆಲ್ಮೆಟ್‌ಗಳಲ್ಲಿ ಯಾವುದು ಮೇಲು ಅಂತ ನೋಡಲು ಉಪಯೋಗ. ಪುಕ್ಕಟೆ ನೋಡಬಹುದು. ನಮ್ಮಲ್ಲಿ ಸಿಗುವ ಕೆಲವು ವಿದೇಶಿ ಕಂಪನಿಗಳ ಮಾದರಿಗಳೂ ಅಲ್ಲಿ ಸಿಗುತ್ತವೆ. ಮಾದರಿಯ ಹೆಸರು ಅಕ್ಷರ ಬಿಡದೆ ಹೊಂದಿದೆಯಾ ನೋಡಿಕೊಳ್ಳಿ.

ಈಗ ದುಬೈ ಪ್ರಶ್ನೆ. ಡಿಒಟಿ ಆಗಲಿ ಇಸಿಇ ಆಗಲಿ ಇದ್ದ ಮಾತ್ರಕ್ಕೆ ಸಾಲದು. ನಮ್ಮ ಕಾನೂನು ಕೇಳುವುದು ಐಎಸ್‌ಐ. ಇಸಿಇ ಮಾತ್ರ ಇರುವ ಹೆಲ್ಮೆಟ್ ಎಷ್ಟೇ ಒಳ್ಳೆಯದಿದ್ದರೂ ತಪಾಸಣೆಯಲ್ಲಿ ವಾದಕ್ಕೆ ನಿಲ್ಲಬೇಕಾಗಬಹುದು. ಇಲ್ಲೇ ಸಿಗುವ, ಐಎಸ್‌ಐ ಮತ್ತು ಇಸಿಇ 22.06 ಎರಡೂ ಇರುವ ಹೆಲ್ಮೆಟ್ ತೆಗೆದುಕೊಂಡರೆ ತಲೆಗೂ ಒಳ್ಳೆಯದು, ತಲೆನೋವೂ ಇಲ್ಲ. ನನ್ನ ಸಲಹೆ ಅದೇ. ಇನ್ನೊಂದು ಕಾರಣವೂ ಇದೆ: ಹೆಲ್ಮೆಟ್ಟನ್ನು ತಲೆಗೆ ಹಾಕಿ ನೋಡದೆ ಕೊಳ್ಳಬಾರದು. ಅಣ್ಣನ ತಲೆ ನಿಮ್ಮ ತಲೆ ಅಲ್ಲ.

ಹಂತ 3: ಅಂಗಡಿಯಲ್ಲಿ ತಲೆಗೆ ಹಾಕಿ ಅಲ್ಲಾಡಿಸಿ

ಹುಬ್ಬಿಗಿಂತ ಒಂದು ಬೆರಳು ಮೇಲೆ, ಹಿಂದೆ ತಲೆಯ ಉಬ್ಬಿನ ಮೇಲೆ ಹಾದುಹೋಗುವಂತೆ ಟೇಪ್ ಸುತ್ತಿ ಅಳೆಯಿರಿ. ಎಂ, ಎಲ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸೆಂಟಿಮೀಟರ್ ಲೆಕ್ಕ ನಂಬಿ. ಹಾಕಿಕೊಂಡು ಪಟ್ಟಿ ಬಿಗಿ ಮಾಡಿ, ಹೆಲ್ಮೆಟ್ಟನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಕೆನ್ನೆಯ ಚರ್ಮ ಜೊತೆಗೇ ಎಳೆದುಕೊಂಡು ಬರಬೇಕು. ಹಿಂದಿನಿಂದ ಎತ್ತಿ ಮುಂದಕ್ಕೆ ಉರುಳಿಸಲು ಯಾರಿಗಾದರೂ ಹೇಳಿ. ತಲೆಯಿಂದ ಕಳಚಿ ಬಂದರೆ ಒಂದು ಸೈಜ್ ಚಿಕ್ಕದು ನೋಡಿ. ಹತ್ತು ನಿಮಿಷ ಹಾಗೇ ಇಟ್ಟುಕೊಂಡು ಹಣೆಯಲ್ಲಿ ಒಂದೇ ಕಡೆ ನೋವು ಬಂದರೆ ಆ ಮಾದರಿ ನಿಮ್ಮ ತಲೆಯ ಆಕಾರಕ್ಕಲ್ಲ. ಹೊಸದು ಕೆನ್ನೆಗೆ ಸ್ವಲ್ಪ ಒತ್ತಿದರೆ ಹೆದರಬೇಡಿ, ಸ್ಪಂಜು ಕೂತುಕೊಳ್ಳುತ್ತದೆ. "ಆರಾಮಾಗಿದೆ" ಅಂತ ಸಡಿಲದ್ದು ಕೊಳ್ಳುವುದೇ ಎಲ್ಲರೂ ಎಡವುವ ಜಾಗ.

ದೇವಿಮನೆ ಮಂಜಿನಲ್ಲಿ ಓಡಾಡುವವರು ವೈಸರ್‌ನ ಒಳಬದಿಯಲ್ಲಿ ಎರಡು ಪುಟ್ಟ ಗುಬ್ಬಿಗಳಿವೆಯಾ ನೋಡಿ. ಅಲ್ಲಿಗೆ ಪಿನ್‌ಲಾಕ್ ಅನ್ನುವ ಎರಡನೇ ಪದರ ಕೂರಿಸಿದರೆ ಉಸಿರಿನ ಆವಿ ಕಟ್ಟುವುದಿಲ್ಲ. ಕಪ್ಪು ವೈಸರ್ ಒಂದೇ ಇಟ್ಟುಕೊಂಡು ಸಂಜೆ ಘಟ್ಟ ಇಳಿಯಬೇಡಿ.

ಹಿಂದೆ ಕೂರುವವರಿಗೂ ಇದೇ ಹಂತಗಳು. ನಾಲ್ಕು ವರ್ಷದೊಳಗಿನ ಮಗುವಿಗೆ ಅದರ ಅಳತೆಯ ಹೆಲ್ಮೆಟ್, ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿ.ಮೀ. ಒಳಗಿನ ವೇಗ. ಇದು 2022ರಲ್ಲಿ ಬಂದ ಕೇಂದ್ರದ ನಿಯಮ.

ಹಂತ 4: "ಸಿಇ ಜಾಕೆಟ್" ಮತ್ತು "ಸಿಇ ಪ್ಯಾಡ್ ಇರುವ ಜಾಕೆಟ್" ಎರಡನ್ನೂ ಬೇರೆ ಮಾಡಿ

ನಮ್ಮಲ್ಲಿ ಕಾನೂನು ಹೆಲ್ಮೆಟ್ ಮಾತ್ರ ಕೇಳುತ್ತದೆ. ಜಾಕೆಟ್ ನಿಮ್ಮಿಷ್ಟ. ಅಮೆರಿಕದಲ್ಲೂ ಜಾಕೆಟ್‌ಗೆ ಸರ್ಕಾರಿ ಮಾನದಂಡ ಇಲ್ಲ. ಯುರೋಪ್ ಬೇರೆ ದಾರಿ ಹಿಡಿದಿದೆ. ಅಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಬೈಕ್ ಸವಾರರ ರಕ್ಷಣಾ ಉಡುಪು ಅಂತ ಮಾರಬೇಕಾದರೆ ಹೊರಗಿನ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ಸಿಇ ಗುರುತು ಪಡೆಯಲೇಬೇಕು. ಇಲ್ಲಿನ ಒಳ್ಳೆಯ ಕಂಪನಿಗಳೂ ಈಗ ಅದೇ ಪರೀಕ್ಷೆ ಮಾಡಿಸುತ್ತವೆ.

ಮೋಸ ಎಲ್ಲಿ ಅಂದರೆ: ಜಾಕೆಟ್ ಒಳಗಿನ ಮೊಣಕೈ, ಭುಜದ ಪ್ಯಾಡ್‌ಗಳಿಗೆ ಬೇರೆ ಸಿಇ, ಇಡೀ ಜಾಕೆಟ್‌ಗೆ ಬೇರೆ ಸಿಇ. ಪ್ಯಾಡ್ ಮಾತ್ರ ಪಾಸಾಗಿ, ಬಟ್ಟೆ ಮತ್ತು ಹೊಲಿಗೆ ಯಾವ ಪರೀಕ್ಷೆಯನ್ನೂ ಕಾಣದ ಜಾಕೆಟ್‌ಗಳು ಬೇಕಾದಷ್ಟಿವೆ. ಅದರ ಚೀಟಿಯ ಮೇಲೂ ದೊಡ್ಡದಾಗಿ "ಸಿಇ" ಅಂತಲೇ ಇರುತ್ತದೆ. ಬಿದ್ದಾಗ ಹೊಲಿಗೆ ಬಿಚ್ಚಿ ತೋಳು ಮೇಲೆ ಸರಿದರೆ ಆ ಒಳ್ಳೆಯ ಪ್ಯಾಡ್ ಎಲ್ಲೋ ಇರುತ್ತದೆ, ಮೊಣಕೈ ಎಲ್ಲೋ ಇರುತ್ತದೆ.

ಜಾಕೆಟ್ ತೆರೆದು ಒಳ ಹೊಲಿಗೆಯ ಲೇಬಲ್ ಹುಡುಕಿ. ಬೈಕ್ ಸವಾರನ ಪುಟ್ಟ ಚಿತ್ರ, ಪಕ್ಕದಲ್ಲಿ ಇಎನ್ 17092 ಅನ್ನುವ ಸಂಖ್ಯೆ (ಇಎನ್ ಅಂದರೆ ಯುರೋಪಿನ ಮಾನದಂಡ), ಅದರ ಮುಂದೆ ಇನ್ನೊಂದು ಅಂಕಿ ಇರಬೇಕು. ಅದು ದರ್ಜೆ ಹೇಳುತ್ತದೆ:

- 17092-2 ಅಂದರೆ ಎಎಎ ದರ್ಜೆ. ಭುಜ, ಮೊಣಕೈ, ಸೊಂಟ, ಮೊಣಕಾಲಿನಂಥ ಮೊದಲು ನೆಲಕ್ಕೆ ತಾಗುವ ಭಾಗಗಳಿಗೆ ಗಂಟೆಗೆ 120 ಕಿ.ಮೀ.ಗೆ ಸಮನಾದ ಉಜ್ಜು ಪರೀಕ್ಷೆ.
- 17092-3 ಅಂದರೆ ಎಎ. ಅದೇ ಭಾಗಗಳಿಗೆ 70 ಕಿ.ಮೀ.
- 17092-4 ಅಂದರೆ ಎ. 45 ಕಿ.ಮೀ.
- 17092-5 ಅಂದರೆ ಬಿ. ಬಟ್ಟೆ ಎ ದರ್ಜೆಯದೇ, ಆದರೆ ಪ್ಯಾಡ್ ಇಲ್ಲ.
- 17092-6 ಅಂದರೆ ಸಿ. ಪ್ಯಾಡ್ ಹಿಡಿದಿಡುವ ಬಲೆ ಅಂಗಿ ಮಾತ್ರ, ಉಜ್ಜಿದರೆ ತಡೆಯುವುದಿಲ್ಲ.

ಪರೀಕ್ಷೆ ಹೇಗೆಂದರೆ, ಬಟ್ಟೆಯ ತುಂಡನ್ನು ತಿರುಗುವ ತೋಳಿಗೆ ಕಟ್ಟಿ ಆ ವೇಗಕ್ಕೆ ತಿರುಗಿಸಿ ಕಾಂಕ್ರೀಟಿನ ಮೇಲೆ ಬಿಡುತ್ತಾರೆ. ನಿಲ್ಲುವಷ್ಟರಲ್ಲಿ ತೂತು ಬಿದ್ದರೆ ಫೇಲ್. 70 ಅಂದ ಮಾತ್ರಕ್ಕೆ ನೀವು 70ರಲ್ಲಿ ಬಿದ್ದರೂ ಏನೂ ಆಗುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಜಾಕೆಟ್ ಜಾಕೆಟ್ ನಡುವೆ ಹೋಲಿಸಲು ಇರುವ ಅಳತೆ ಇದು.

ಎಎಎ ಬಹುಮಟ್ಟಿಗೆ ಚರ್ಮದ್ದು, ಇಲ್ಲವೇ ದಪ್ಪ ಬಟ್ಟೆಯದು. ಏಪ್ರಿಲ್‌ನಲ್ಲಿ ಅಂಕೋಲಾದ ಬಿಸಿಲಿಗೆ ಅದನ್ನು ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತು ನೋಡಿ, ಬೇಡವೇ ಬೇಡ ಅನ್ನಿಸುತ್ತದೆ. ಮನೆಯ ಗೂಟದಲ್ಲಿ ತೂಗುವ ಎಎಎಗಿಂತ ಮೈಮೇಲಿರುವ ಎ ಮೇಲು. ಕರಾವಳಿಯಲ್ಲೇ ಓಡಾಡುವವರಿಗೆ ಎದೆ, ಬೆನ್ನಿನಲ್ಲಿ ಜಾಳಿಗೆ ಬಟ್ಟೆ ಇದ್ದು, ಭುಜ, ಮೊಣಕೈ ಮೇಲೆ ಗಟ್ಟಿ ಬಟ್ಟೆ ಇರುವ ಎ ಅಥವಾ ಎಎ ಸಾಕು. ಹುಬ್ಬಳ್ಳಿ, ಬೆಂಗಳೂರು ಕಡೆ ಹೆದ್ದಾರಿಯಲ್ಲಿ ಆಗಾಗ ಹೋಗುವವರು ಎಎಗಿಂತ ಕೆಳಗೆ ಇಳಿಯಬೇಡಿ.

ಸೆಕೆಯ ಬಗ್ಗೆ ಯೋಚಿಸುವವರಿಗೆ ಆಸ್ಟ್ರೇಲಿಯಾದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2011ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ ಅಪಘಾತಕ್ಕೆ ಸಿಕ್ಕ ಸವಾರರ ಜಾಕೆಟ್‌ಗಳಲ್ಲಿ ಸುಮಾರು 30%, ಗ್ಲೌಸ್‌ಗಳಲ್ಲಿ ಕಾಲುಭಾಗ ತಡೆಯಲಾಗದೆ ಹಾಳಾಗಿದ್ದವು. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಮೋಟೋಕ್ಯಾಪ್ ಅನ್ನುವ ವ್ಯವಸ್ಥೆ ಶುರು ಮಾಡಿದವು. ಅಂಗಡಿಯಿಂದ ಜಾಕೆಟ್, ಪ್ಯಾಂಟ್, ಗ್ಲೌಸ್ ಕೊಂಡು ತಂದು, ಪ್ರಯೋಗಾಲಯದಲ್ಲಿ ಹರಿದು ನೋಡಿ, ರಕ್ಷಣೆಗೆ ಬೇರೆ ನಕ್ಷತ್ರ ಕೊಡುತ್ತಾರೆ. ಜಾಕೆಟ್, ಪ್ಯಾಂಟ್‌ಗಳಿಗೆ ಸೆಕೆಯಲ್ಲಿ ಆರಾಮಕ್ಕೂ ಬೇರೆ ನಕ್ಷತ್ರ. ಯುರೋಪಿನ ಲೇಬಲ್ ಸೆಕೆಯ ಬಗ್ಗೆ ಏನೂ ಹೇಳುವುದಿಲ್ಲ, ಇದು ಹೇಳುತ್ತದೆ. ವಿದೇಶಿ ಕಂಪನಿಯ ಜಾಕೆಟ್ ನೋಡುತ್ತಿದ್ದರೆ ಮೊದಲು ಅಲ್ಲಿ ಹುಡುಕಿ.

ಹಂತ 5: ಪ್ಯಾಡ್ ಹೊರಗೆ ತೆಗೆದು ಓದಿ

ಜಾಕೆಟ್‌ನ ಒಳಜೇಬುಗಳಲ್ಲಿರುವ ಪ್ಯಾಡ್ ಹೊರಗೆ ಎಳೆಯಿರಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ. ಅದರ ಮೇಲೆಯೇ ಅಚ್ಚು ಹಾಕಿರುತ್ತದೆ.

ಕೈ, ಕಾಲಿನ ಪ್ಯಾಡ್‌ಗೆ ಇಎನ್ 1621-1. ಬೆನ್ನಿನ ಪ್ಯಾಡ್‌ಗೆ 1621-2. ಎದೆಗೆ 1621-3. ಪ್ರತಿಯೊಂದರಲ್ಲೂ ಮಟ್ಟ 1, ಮಟ್ಟ 2 ಅಂತ ಎರಡು. 5 ಕಿಲೋ ಭಾರವನ್ನು ಸುಮಾರು 1 ಮೀಟರ್ ಎತ್ತರದಿಂದ ಪ್ಯಾಡ್ ಮೇಲೆ ಬೀಳಿಸಿ, ಕೆಳಗೆ ಎಷ್ಟು ಬಲ ದಾಟಿತು ಅಂತ ಅಳೆಯುತ್ತಾರೆ. ಕೈಕಾಲಿನ ಪ್ಯಾಡ್‌ನಲ್ಲಿ ಮಟ್ಟ 1ಕ್ಕೆ ಸರಾಸರಿ 35 ಕಿಲೋನ್ಯೂಟನ್‌ವರೆಗೆ ಬಿಡಬಹುದು, ಮಟ್ಟ 2ಕ್ಕೆ 20. ಬೆನ್ನಿಗೆ 18 ಮತ್ತು 9. (1 ಕಿಲೋನ್ಯೂಟನ್ ಅಂದರೆ ಸುಮಾರು 100 ಕಿಲೋ ಭಾರ ಒತ್ತಿದಷ್ಟು.) ಬೆನ್ನಿನಲ್ಲಿ ಮಟ್ಟ 1ರಿಂದ 2ಕ್ಕೆ ಹೋದರೆ ದಾಟಬಹುದಾದ ಬಲ ಅರ್ಧಕ್ಕೆ ಇಳಿಯುತ್ತದೆ. ಘಟ್ಟದವರು ಎಲ್ಲಿ ದುಡ್ಡು ಹಾಕಬೇಕು ಅಂದರೆ ಇಲ್ಲಿ.

ಪ್ಯಾಡ್ ಮೇಲೆ "ಟಿ+" ಇದೆಯಾ ಅಂತಲೂ ನೋಡಿ. ಮೆತ್ತಗಿನ ಪ್ಯಾಡ್‌ಗಳು ಸೆಕೆಗೆ ಇನ್ನೂ ಮೆತ್ತಗಾಗುತ್ತವೆ. ಟಿ+ ಇದ್ದರೆ 40 ಡಿಗ್ರಿಯಲ್ಲೂ ಪರೀಕ್ಷೆಯಾಗಿದೆ ಅಂತ. "ಟಿ-" ಅಂದರೆ ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ. ಅದು ಲಡಾಖ್‌ಗೆ ಹೋಗುವವರಿಗೆ, ಶಿರಸಿಯ ಚಳಿಗೆ ಬೇಡ.

ಬೆನ್ನಿನ ಜೇಬಿನಲ್ಲಿ ಏನಿದೆ ಅಂತ ನೋಡದೆ ದುಡ್ಡು ಕೊಡಬೇಡಿ. ಬಹಳ ಜಾಕೆಟ್‌ಗಳಲ್ಲಿ ಅಲ್ಲಿರುವುದು ಅಕ್ಷರ, ಅಂಕಿ ಏನೂ ಇಲ್ಲದ ತೆಳು ಸ್ಪಂಜು. ಎರಡು ಬೆರಳಲ್ಲಿ ಒತ್ತಿದರೆ ಬೆರಳಿಗೆ ಬೆರಳು ತಾಗುತ್ತದೆ. ಅದನ್ನು ತೆಗೆದು, ಜೇಬಿನ ಅಳತೆ ಬರೆದುಕೊಂಡು, 1621-2 ಮಟ್ಟ 2 ಇರುವ ಪ್ಯಾಡ್ ಬೇರೆ ತರಿಸಿ ಹಾಕಿ.

ಏರ್‌ಬ್ಯಾಗ್ ಜಾಕೆಟ್ ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ಇಎನ್ 1621-4 ಅಂತ ಬೇರೆ ಮಾನದಂಡ. ಒಳ್ಳೆಯದೇ. ಆದರೆ ಒಮ್ಮೆ ಉಬ್ಬಿದ ಮೇಲೆ ಬೇಕಾಗುವ ಗ್ಯಾಸ್ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಮುಂದುವರಿಯಿರಿ.

ಹಂತ 6: ಜಾಕೆಟ್‌ಗೆ ದುಡ್ಡೆಲ್ಲ ಸುರಿಯಬೇಡಿ

ನಮ್ಮವರು ಹೆಲ್ಮೆಟ್ ಆದ ಕೂಡಲೇ ಜಾಕೆಟ್‌ಗೆ ಹೋಗುತ್ತಾರೆ. ಕೆಳಗೆ ಬರ್ಮುಡಾ, ಹವಾಯಿ ಚಪ್ಪಲಿ. ಬೀಳುವವರು ಮೊದಲು ಊರುವುದು ಅಂಗೈ, ಆಮೇಲೆ ಮೊಣಕಾಲು. ಬೈಕ್ ಮೇಲೆ ಬಿದ್ದರೆ ಸಿಕ್ಕಿಕೊಳ್ಳುವುದು ಪಾದದ ಗಂಟು. ದುಡ್ಡು ಕಡಿಮೆ ಇದ್ದರೆ ನಾನು ಹೇಳುವ ಕ್ರಮ ಹೀಗೆ: ಹೆಲ್ಮೆಟ್, ಗ್ಲೌಸ್, ಬೂಟು, ಮೊಣಕಾಲಿನ ಪ್ಯಾಡ್ ಇರುವ ಪ್ಯಾಂಟ್, ಆಮೇಲೆ ಜಾಕೆಟ್. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ಗ್ಲೌಸ್‌ನಲ್ಲಿ ಇಎನ್ 13594 ನೋಡಿ. ಮಟ್ಟ 1, ಮಟ್ಟ 2 ಇವೆ. "ಕೆಪಿ" ಅಂತ ಇದ್ದರೆ ಬೆರಳ ಗೆಣ್ಣಿನ ರಕ್ಷಣೆ ಪರೀಕ್ಷೆಯಾಗಿದೆ. ಮಣಿಕಟ್ಟಿನ ಪಟ್ಟಿ ಬಿಗಿ ಮಾಡಿ, ಬೆರಳ ತುದಿ ಹಿಡಿದು ಜೋರಾಗಿ ಎಳೆಯಿರಿ. ಕಳಚಿ ಬರುವ ಗ್ಲೌಸ್ ಬಿದ್ದಾಗಲೂ ಕಳಚುತ್ತದೆ. ಅರ್ಧ ಬೆರಳಿನದು ಬೇಡ.

ಬೂಟಿನಲ್ಲಿ ಇಎನ್ 13634. ಅದರ ಕೆಳಗೆ ನಾಲ್ಕು ಅಂಕಿಗಳು, ಪ್ರತಿಯೊಂದೂ 1 ಅಥವಾ 2. ಕ್ರಮವಾಗಿ ಎತ್ತರ, ಉಜ್ಜುವಿಕೆ, ಕೊಯ್ತ, ಅಡ್ಡ ಒತ್ತಡ. ನಾಲ್ಕನೆಯದು 2 ಇರಲಿ, ಬೈಕ್ ಪಾದದ ಮೇಲೆ ಬಿದ್ದಾಗ ಚಪ್ಪಟೆಯಾಗದಂತೆ ತಡೆಯುವುದು ಅದು. "ಡಬ್ಲ್ಯುಆರ್" ಇದ್ದರೆ ನೀರು ತಡೆಯುತ್ತದೆ. ತೋಟದ ಗಂಬೂಟಿನಲ್ಲೇ ಬೈಕ್ ಹತ್ತುವವರು ಮೇಲ್ಸೀಮೆಯಲ್ಲಿ ಬಹಳ ಜನ. ಉಂಬಳ ಹತ್ತದಿರಲು ಅದು ಸರಿ, ಪಾದದ ಗಂಟಿಗೆ ಅದರಿಂದ ಏನೂ ಇಲ್ಲ. ಮೇಲಾಗಿ ಗೇರ್ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಹಂತ 7: ಮಳೆಗೆ ಹೊರಗಿನ ಕೋಟು

ಜಾಕೆಟ್ ಒಳಗೆ ಹಾಕುವ ಮಳೆ ಪದರ ಕೊಡುತ್ತಾರೆ. ನಮ್ಮ ಜಡಿಮಳೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಮೈ ಒದ್ದೆಯಾಗದಿರಬಹುದು, ಆದರೆ ಹೊರಗಿನ ಜಾಕೆಟ್ ನೀರು ಕುಡಿದು ಭಾರವಾಗಿ, ಮರುದಿನವೂ ಒಣಗಿರುವುದಿಲ್ಲ. ಜಾಕೆಟ್ ಮೇಲೆ ಹಾಕುವಷ್ಟು ದೊಡ್ಡ ರೇನ್‌ಕೋಟ್ ಬೇರೆ ತೆಗೆದುಕೊಳ್ಳಿ. ಬಣ್ಣ ಹಳದಿ ಅಥವಾ ಕಿತ್ತಳೆ, ಬೆನ್ನಿಗೆ ಹೊಳೆಯುವ ಪಟ್ಟಿ. ಮಂಜು ಕವಿದ ಘಟ್ಟದಲ್ಲಿ ಕಪ್ಪು ರೇನ್‌ಕೋಟ್ ಹಿಂದಿನ ಲಾರಿಯವರಿಗೆ ಕಾಣುವುದಿಲ್ಲ.

ಹಂತ 8: ಉಪ್ಪುಗಾಳಿ, ಬೂಷ್ಟು, ಬಚ್ಚಲ ಒಲೆ

ಕಡಲ ಬದಿಯಲ್ಲಿ ಜಿಪ್ ಮತ್ತು ಬಕಲ್ ಬೇಗ ತುಕ್ಕು ಹಿಡಿಯುತ್ತವೆ. ಕೊಳ್ಳುವಾಗಲೇ ಪ್ಲಾಸ್ಟಿಕ್ ಹಲ್ಲಿನ ದಪ್ಪ ಜಿಪ್ ಇರುವುದನ್ನು ನೋಡಿ. ಲೋಹದ್ದಾದರೆ ಆಗಾಗ ಸಿಹಿನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಿ.

ಘಟ್ಟದ ಮೇಲೆ ಬೂಷ್ಟಿನ ಕಾಟ. ಹೆಲ್ಮೆಟ್‌ನ ಒಳಬಟ್ಟೆ ಬಿಚ್ಚಿ ತೊಳೆಯುವಂಥದ್ದನ್ನೇ ಕೊಳ್ಳಿ. ಮಳೆಗಾಲದಲ್ಲಿ ಬಟ್ಟೆಯ ಜೊತೆ ಹೆಲ್ಮೆಟ್ಟನ್ನೂ ಬಚ್ಚಲ ಒಲೆಯ ಹತ್ತಿರ ಒಣಗಲು ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಬೇಡ. ಹೆಲ್ಮೆಟ್ ಒಳಗೆ ಪೆಟ್ಟು ಹೀರುವುದು ಥರ್ಮಾಕೋಲಿನ ಜಾತಿಯ ಪದರ, ಬಿಸಿಗೆ ಕುಗ್ಗುತ್ತದೆ. ಪೆಟ್ರೋಲ್, ಥಿನ್ನರ್ ತಾಗಿದರೆ ಕರಗುತ್ತದೆ. ಕನ್ನಡಿ ಕೊಂಬಿಗೆ ಸಿಕ್ಕಿಸಿದರೆ ಒಳಗೆ ಗುಳಿ ಬೀಳುತ್ತದೆ. ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿ.

ಒಮ್ಮೆ ಜೋರಾಗಿ ಗುದ್ದಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಚಪ್ಪಟೆಯಾಗಿರುತ್ತದೆ, ಮತ್ತೆ ಉಬ್ಬುವುದಿಲ್ಲ. ಬದಲಿಸಿ. ಏನೂ ಆಗದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸಲು ಹೆಚ್ಚಿನ ತಯಾರಕರು ಹೇಳುತ್ತಾರೆ. ತಯಾರಾದ ತಿಂಗಳು, ವರ್ಷ ಒಳಗಿನ ಲೇಬಲ್‌ನಲ್ಲಿ ಇರುತ್ತದೆ. ಹಳೆಯದನ್ನು ತೋಟದ ಕೆಲಸದವರಿಗೋ ಪಕ್ಕದ ಮನೆ ಹುಡುಗನಿಗೋ ಕೊಡಬೇಡಿ. ಗಲ್ಲದ ಪಟ್ಟಿ ಕತ್ತರಿಸಿ ಎಸೆಯಿರಿ, ಯಾರೂ ಎತ್ತಿಕೊಂಡು ತಲೆಗೆ ಹಾಕದ ಹಾಗೆ.